ಬಿಸಿಲೂರಿನವನ ಹುಟ್ಟು

ನಮ್ಮ ಓಣಿಗೆ ನಳ ಬರುವುದು ವಾರಕ್ಕೆ ಎರಡು ಸಲ. ಬಂದ ದಿನ ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಸಾರಿನ ಪಾತ್ರೆಯೂ ತುಂಬಬೇಕು. ಇಂಥ ಮನೆಯವನು ಸುಮ್ನೆ ಆಟಕ್ಕೆಂದು ನೀರಿನ ಮೇಲೆ ದೋಣಿ ನಡೆಸಲು ಹೊರಟರೆ ಅವ್ವ ಏನನ್ನಬೇಕು? "ಹುಚ್ಚ ಹಿಡದದೇನು ನಿನಗ?" ಎಂದಳು. ರೊಟ್ಟಿ ಮಾತ್ರ ಕಟ್ಟಿಕೊಟ್ಟಳು.

ಹುಚ್ಚು ಹಿಡಿಸಿದವನು ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ. ಕಲಬುರಗಿಯಿಂದ ಸುಮಾರು 100 ಕಿ.ಮೀ. ದೂರದ ಚಂದ್ರಂಪಳ್ಳಿ ಜಲಾಶಯಕ್ಕೆ ಹೊರಟೆವು. ಚಿಂಚೋಳಿ ದಾಟಿದರೆ ತೊಗರಿ ಹೊಲ ಮುಗಿದು ಗುಡ್ಡ, ತೇಗದ ಮರ ಶುರು. 2011ರಲ್ಲಿ ಈ ಕಾಡು ವನ್ಯಧಾಮವಾಯಿತು. ಕಲಬುರಗಿ ಜಿಲ್ಲೆಯಲ್ಲಿ ಕಾಡಿದೆ ಎಂದರೆ ಹೊರಗಿನವರು ನಗುತ್ತಾರೆ. ನಮ್ಮವರು ಇನ್ನೂ ಜಾಸ್ತಿ ನಗುತ್ತಾರೆ.

ಮಳೆಗಾಲದಲ್ಲಿ ಕೆಮ್ಮಣ್ಣು ಕದಡಿ ಇಲ್ಲಿಯ ನೀರು ಚಹಾದ ಹಾಗಿರುತ್ತದೆ. ನಾವು ಹೋದದ್ದು ಡಿಸೆಂಬರಿನಲ್ಲಿ. ಮಣ್ಣೆಲ್ಲ ತಳ ಕಂಡಿತ್ತು. ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ನಿಂತರೆ ಕಾಲಿನ ಉಗುರು ಎಣಿಸಬಹುದು. ಕತ್ತರಿಸಿಕೊಂಡು ಬರಬೇಕಿತ್ತು ಅನ್ನಿಸಿತು.

ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು. ಲೈಫ್ ಜಾಕೆಟ್ ಅಂದರೂ ಅದೇ ಬುರುಡೆ, ಬಣ್ಣ ಬೇರೆ ಅಷ್ಟೆ. ಆದರೆ ಕಯಾಕಿನ, ಅಂದರೆ ನಾವಿಬ್ಬರೂ ಹಿಂದೆ ಮುಂದೆ ಕೂತ ಆ ಕಿರಿದಾದ ದೋಣಿಯ ಹುಟ್ಟು ಹೊಸದು. ಒಂದೇ ಕೋಲು, ಎರಡೂ ತುದಿಗೆ ಅಲಗು. ಬಲಗಡೆ ಹಾಕಿದರೆ ದೋಣಿಯ ಮೂತಿ ಎಡಕ್ಕೆ ಹೋಗುತ್ತದೆ. ನಾನು ಬಂಡಿ ಹೊಡೆದವನು. ಎಡದ ಹಗ್ಗ ಜಗ್ಗಿದರೆ ಎತ್ತು ಎಡಕ್ಕೇ ಹೋಗಬೇಕು, ಅಲ್ವಾ? ಮುಂದೆ ಕೂತವನು ಒಂದೇ ಲಯದಲ್ಲಿ ಹಾಕುತ್ತಿರಬೇಕಂತೆ, ಹಿಂದಿನವನು ಅವನನ್ನು ನೋಡಿ ಹಾಕುತ್ತ ದಿಕ್ಕು ಹಿಡಿಯಬೇಕಂತೆ. ಮುಂದೆ ಕೂತ ನಾನು ದಿಕ್ಕನ್ನೂ ಹಿಡಿಯಲು ಹೋದೆ. ಇಬ್ಬರೂ ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತಿದೆವು.

"ಮಾಮಾ, ನೀವು ಸುಮ್ನ ಕೂಡ್ರಿ. ನೀವು ಹಾಕ್ಲಿಕತ್ತೀರಿ ಅಂತೇ ಅದು ತಿರಗಲಕತ್ತದ!"

ಸುಮ್ಮನೆ ಕೂತೆ. ಹುಟ್ಟಿನ ಗುಂಟ ಇಳಿದ ನೀರು ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಡಗೈ ತಾನಾಗಿ ಬೊಗಸೆಯಾಗಿ ಅದರ ಕೆಳಗೆ ಹೋಯಿತು. ಸುತ್ತಲೂ ಗುಡ್ಡದ ಬುಡದವರೆಗೆ ನೀರಿದೆ, ನಾನು ಹನಿ ಹಿಡಿಯುತ್ತಿದ್ದೇನೆ!

ಅರಣ್ಯ ಇಲಾಖೆಯವರು ತೋರಿಸಿದ ಜಾಗದಲ್ಲಿ ಟೆಂಟ್ ಹಾಕಿದೆವು. ಅಳಿಯ ಪುಟ್ಟ ಸ್ಟೌ ಹಚ್ಚಲು ಅರ್ಧ ಗಂಟೆ ಹೆಣಗಿದ. ಅಷ್ಟರಲ್ಲಿ ನಾನು ಗುದ್ದಿ ಒಡೆದ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ಖಡಕ್ ರೊಟ್ಟಿ ಮುಗಿಸಿದ್ದೆ. ಕ್ಯಾಂಪಿಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಕೆಡುವುದಿಲ್ಲ, ಬೆಂಕಿ ಬೇಡ. ಅವನ ದುಬಾರಿ ಸ್ಲೀಪಿಂಗ್ ಬ್ಯಾಗೂ ಅಷ್ಟೆ. ಬಿಸಿಲ ನಾಡಿನಲ್ಲಿ ಇಂಥ ಚಳಿ ಇರುತ್ತದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನಸುಕಿನಲ್ಲಿ ಮೆಲ್ಲಗೆ ನನ್ನ ಕೌದಿಯೊಳಗೆ ತೂರಿಕೊಂಡ. ಅವ್ವನ ಹಳೇ ಸೀರೆಗಳ ಕೌದಿ. ನಾನು ನಿದ್ದೆ ಬಂದವನಂತೆ ಮಲಗಿದ್ದೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಅಷ್ಟು ನೀರಾಗ ಹೋಗಿದ್ದಿ, ಜಳಕ ಮಾಡ್ಕೊಂಡು ಬಂದಿ ಇಲ್ಲೋ? ಇವತ್ತು ನಳ ಬಂದಿಲ್ಲ."