ಅತ್ಯಾಧುನಿಕ ತಯಾರಿಕೆಗೆ ಪ್ರತ್ಯೇಕ ಕೈಗಾರಿಕಾ ವಲಯ ಬೇಕೇ?

ಪರ: ನೆಲ ಸಿದ್ಧವಿದ್ದಲ್ಲಿಗೆ ಕಾರ್ಖಾನೆ ಬರುತ್ತದೆ

ಒಂದು ಮೀಟರ್ ಉದ್ದದ ಉಕ್ಕಿನ ತುಂಡು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 11.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹಿಗ್ಗುತ್ತದೆ. ನಿಖರ ಬಿಡಿಭಾಗಗಳಲ್ಲಿ ಒಟ್ಟು ಟಾಲರೆನ್ಸೇ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಎಷ್ಟೋ ಸಲ ಅದಕ್ಕಿಂತ ಕಡಿಮೆ ಇರುತ್ತದೆ. ಅಳತೆಯ ಆಧಾರ ಉಷ್ಣತೆ 20 ಡಿಗ್ರಿ ಎಂದು ಜಗತ್ತೆಲ್ಲ ಒಪ್ಪಿಕೊಂಡಿರುವುದು ಈ ಕಾರಣಕ್ಕೆ. ಇಂಥ ಕೆಲಸ ಮಾಡುವವರಿಗೆ ಖಾಲಿ ಜಮೀನು ತೋರಿಸಿ ಬನ್ನಿ ಎಂದರೆ ಅವರು ಬರುವುದಿಲ್ಲ.

ಉದ್ಯಮ ಕರೆಯಲು ಹೊರಟವರು ಸಾಮಾನ್ಯವಾಗಿ ತೆರಿಗೆ ರಿಯಾಯಿತಿಯ ಪಟ್ಟಿ ಹಿಡಿದು ಹೋಗುತ್ತಾರೆ. ಜಾಗ ನೋಡಲು ಬರುವ ಎಂಜಿನಿಯರ್ ಕೇಳುವ ಪ್ರಶ್ನೆಗಳೇ ಬೇರೆ. ಮಣ್ಣಿನ ಪರೀಕ್ಷೆಯ ವರದಿ ಎಲ್ಲಿ? ಕಳೆದ ಒಂದು ವರ್ಷದ ವೋಲ್ಟೇಜ್ ದಾಖಲೆ ಇದೆಯೇ? ಪಕ್ಕದ ನಿವೇಶನಕ್ಕೆ ನಾಳೆ ಯಾರು ಬರುತ್ತಾರೆ? ಮೂರಕ್ಕೂ ಕಾಗದ ತೋರಿಸಿ ಉತ್ತರಿಸುವುದು ಯೋಜಿಸಿ ಕಟ್ಟಿದ ವಲಯಕ್ಕಷ್ಟೇ ಸಾಧ್ಯ.

ಮೂರನೆಯ ಪ್ರಶ್ನೆ ಸಣ್ಣದೆಂದು ಕಾಣಬಹುದು. ನೆಲದ ಕಂಪನ ಸೆಕೆಂಡಿಗೆ ಸುಮಾರು 100 ಮೈಕ್ರಾನ್ ವೇಗ ಮುಟ್ಟುವವರೆಗೆ ಮನುಷ್ಯನಿಗೆ ಅದು ಗೊತ್ತೇ ಆಗುವುದಿಲ್ಲ. ಚಿಪ್ ತಯಾರಿಕೆಯ ಸೂಕ್ಷ್ಮ ಯಂತ್ರಗಳಿಗಾದರೋ ಈ ಮಿತಿ 6, ಕೆಲವಕ್ಕೆ 3 ಮೈಕ್ರಾನ್. ಪಕ್ಕದ ಶೆಡ್ಡಿನಲ್ಲಿ ಕಾದ ಲೋಹ ಬಡಿಯುವ ಫೋರ್ಜಿಂಗ್ ಹ್ಯಾಮರ್ ಬಿದ್ದರೆ ಇತ್ತ ಗ್ರೈಂಡಿಂಗ್ ಮಾಡಿದ ಮೇಲ್ಮೈಯಲ್ಲಿ ಗೆರೆ ಮೂಡುತ್ತದೆ. ತನ್ನ ಅಡಿಪಾಯವನ್ನು ಎಷ್ಟೇ ದಪ್ಪ ಮಾಡಿಕೊಂಡರೂ ನೆರೆಯವನ ಹ್ಯಾಮರ್ ನಿಲ್ಲಿಸುವ ಅಧಿಕಾರ ಯಾವ ಕಂಪನಿಗೂ ಇಲ್ಲ. ವಲಯದ ನಕ್ಷೆಗೆ ಆ ಅಧಿಕಾರ ಇದೆ. ಪ್ರೆಸ್ ಮತ್ತು ಫೋರ್ಜಿಂಗ್ ಒಂದು ತುದಿಗೆ, ಅಳತೆ ಮತ್ತು ಗ್ರೈಂಡಿಂಗ್ ಇನ್ನೊಂದು ತುದಿಗೆ, ನಡುವೆ ಗೋದಾಮು. ರೈಲು ಹಳಿ ಮತ್ತು ಹೆದ್ದಾರಿಯಿಂದ ಎಷ್ಟು ದೂರ ಎಂಬುದನ್ನೂ ಕಂಪನ ಅಳೆದ ಮೇಲೆಯೇ ಗೊತ್ತುಮಾಡಬೇಕು.

ವಿದ್ಯುತ್ತಿನ ವಿಷಯ ಇನ್ನೂ ಗಂಭೀರ. ಕರೆಂಟು ಹೋಗುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ಅದು ಕ್ಷಣಕಾಲ ಕುಸಿಯುವುದು. ದೂರದಲ್ಲೆಲ್ಲೋ ಸಿಡಿಲು ಬಡಿಯುತ್ತದೆ, ಅಥವಾ ಯಾರೋ ದೊಡ್ಡ ಮೋಟಾರನ್ನು ಸ್ಟಾರ್ಟರ್ ಇಲ್ಲದೆ ನೇರವಾಗಿ ಲೈನಿಗೆ ಕೊಟ್ಟು ಚಾಲೂ ಮಾಡುತ್ತಾರೆ, ಅದು ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗ ವೋಲ್ಟೇಜ್ ಅರ್ಧಕ್ಕಿಳಿಯುತ್ತದೆ. ದೀಪ ಒಮ್ಮೆ ಮಿಣುಕುತ್ತದೆ ಅಷ್ಟೇ. ಆದರೆ ಕಂಟ್ರೋಲ್ ಪ್ಯಾನೆಲಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ಬಿಟ್ಟುಕೊಂಡಿರುತ್ತದೆ, ಸ್ಪಿಂಡಲ್ ಅರ್ಧ ಕೊರೆತದಲ್ಲಿ ನಿಂತಿರುತ್ತದೆ, ಹತ್ತಾರು ಗಂಟೆ ಕೆಲಸ ಕಂಡ ಟೈಟಾನಿಯಂ ಬಿಡಿಭಾಗ ಗುಜರಿಗೆ ಹೋಗುತ್ತದೆ. ಚಿಪ್ ಯಂತ್ರಗಳಿಗಿರುವ ಸೆಮಿ ಎಫ್47 ಮಾನಕದ ಪ್ರಕಾರ ವೋಲ್ಟೇಜ್ ಶೇ 50ಕ್ಕಿಳಿದರೂ 0.2 ಸೆಕೆಂಡ್, ಶೇ 70ಕ್ಕಿಳಿದರೆ ಅರ್ಧ ಸೆಕೆಂಡ್ ಯಂತ್ರ ತಡೆದುಕೊಳ್ಳಬೇಕು. ಕಂಪ್ಯೂಟರ್ ನಡೆಸುವ ಸಾಮಾನ್ಯ ಸಿಎನ್‌ಸಿ ಯಂತ್ರಕ್ಕೆ ಅಂಥ ಭರವಸೆ ಇರುವುದಿಲ್ಲ. ಪರಿಹಾರ ಗೊತ್ತಿರುವುದೇ: ಎರಡು ಬೇರೆ ಸಬ್‌ಸ್ಟೇಷನ್‌ಗಳಿಂದ ಎರಡು ಫೀಡರ್, ಒಂದು ಬಿದ್ದರೂ ಇನ್ನೊಂದು ಪೂರ್ತಿ ಹೊರೆ ಹೊರುವಷ್ಟು ಗಾತ್ರ, ಲೋಹ ಕರಗಿಸುವ ಆರ್ಕ್ ಫರ್ನೇಸ್ ಮತ್ತು ಭಾರಿ ಮೋಟಾರುಗಳಿಗೆ ವಿದ್ಯುತ್ ಹಂಚುವ ಪ್ರತ್ಯೇಕ ಬಸ್‌ಬಾರ್. ಇದನ್ನು ಹತ್ತು ಸಿಎನ್‌ಸಿ ಯಂತ್ರವಿರುವ ಸಣ್ಣ ಉದ್ಯಮಿ ಮಾಡಿಸಲಾರ. ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡಿಕೆ ಸಲ್ಲಿಸಿದ ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಬರುತ್ತದೆ. ವಲಯ ಅದನ್ನು ಮೊದಲೇ ತರಿಸಿ ಕೂರಿಸಿದ್ದರೆ ಕಂಪನಿಯ ಅಷ್ಟು ಕಾಲ ಉಳಿಯಿತು.

ಇನ್ನು ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಬಿರುಕು ಪತ್ತೆಯಂಥ ವಿಶೇಷ ಪ್ರಕ್ರಿಯೆಗಳು. ವಿಮಾನದ ಬಿಡಿಭಾಗಕ್ಕೆ ಇವನ್ನು ವಿಮಾನೋದ್ಯಮದ ನಾಡ್‌ಕ್ಯಾಪ್ ಮಾನ್ಯತೆ ಪಡೆದ ಘಟಕದಲ್ಲೇ ಮಾಡಿಸಬೇಕೆಂದು ಕೊಳ್ಳುವವರು ಪಟ್ಟು ಹಿಡಿಯುತ್ತಾರೆ. ಅಂಥ ಘಟಕ ಹತ್ತಿರ ಇಲ್ಲದಿದ್ದರೆ ಎರಡು ದಿನದಲ್ಲಿ ಯಂತ್ರದಿಂದ ಇಳಿದ ಭಾಗ ರಕ್ಷಣೆಯ ಪದರ ಬೆಳೆಸುವ ಆನೊಡೈಜಿಂಗ್‌ಗೆ ಹೋಗಿ ಬರಲು ಮೂರು ವಾರ ಅಲೆಯುತ್ತದೆ. ದಾರಿಯಲ್ಲಿ ಗೀರು ಬಿದ್ದರೆ ಮತ್ತೆ ಮೊದಲಿನಿಂದ. ವಲಯದಲ್ಲಿ ಎಲ್ಲರಿಗೂ ಒಂದು ಪ್ಲೇಟಿಂಗ್ ಘಟಕ ಇದ್ದರೆ ಈ ಅಲೆದಾಟ ತಪ್ಪುತ್ತದೆ.

ಆದರೆ ಅದರ ತ್ಯಾಜ್ಯನೀರನ್ನು ಬೇರೆಬೇರೆ ಪೈಪುಗಳಲ್ಲೇ ಒಯ್ಯಬೇಕು. ಇದರಲ್ಲಿ ಯಾವ ರಾಜಿಯೂ ಸಲ್ಲದು. ಸಯನೈಡಿನ ನೀರಿಗೆ ಆಮ್ಲ ಸೇರಿದರೆ ಪ್ರಾಣ ತೆಗೆಯುವ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಇರುವ ನೀರನ್ನು ಮೊದಲು ಪಿಎಚ್ 2ರಿಂದ 3ಕ್ಕೆ ಇಳಿಸಿ, ಸೋಡಿಯಂ ಬೈಸಲ್ಫೈಟ್ ಹಾಕಿ ಮೂರು ವೇಲೆನ್ಸಿಗೆ ತಂದು, ಆಮೇಲೆ ಪಿಎಚ್ 8ರಿಂದ 9ಕ್ಕೆ ಏರಿಸಿ ಕೆಸರಾಗಿ ಕೂರಿಸಬೇಕು. ಸಯನೈಡನ್ನು ಒಡೆಯುವುದೋ ಇದಕ್ಕೆ ತದ್ವಿರುದ್ಧವಾಗಿ, ಕ್ಷಾರದಲ್ಲಿ. ಆದ್ದರಿಂದ ಸಯನೈಡ್, ಕ್ರೋಮಿಯಂ, ನಿಕ್ಕಲ್, ಸಾಮಾನ್ಯ ಆಮ್ಲ-ಕ್ಷಾರ ಹೀಗೆ ನಾಲ್ಕು ಪೈಪು, ನಾಲ್ಕೂ ನೆಲದ ಮೇಲೆ, ಸೋರಿದರೆ ಕಣ್ಣಿಗೆ ಬೀಳುವಂತೆ. ಪ್ರತಿ ನಿವೇಶನದ ಹೊರದಾರಿಯಲ್ಲಿ ಮಾದರಿ ತೆಗೆಯುವ ಗುಂಡಿ ಇದ್ದರೆ ಯಾರ ನೀರು ಕೆಟ್ಟಿತೆಂದು ಜಗಳವಾಡುವ ಪ್ರಮೇಯ ಬಾರದು.

ಈ ಬಗೆಯ ಸಿದ್ಧತೆ ಫಲ ಕೊಟ್ಟಿದೆ. ತೈವಾನಿನ ಸಿಂಚು ವಿಜ್ಞಾನ ಪಾರ್ಕ್ 1980ರಲ್ಲಿ ಶುರುವಾಯಿತು. ಇತರ ಕಂಪನಿಗಳಿಗೆ ಚಿಪ್ ಮಾಡಿಕೊಡುವುದರಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದಾದ ಟಿಎಸ್‌ಎಂಸಿ 1987ರಲ್ಲಿ ಹುಟ್ಟಿದ್ದು ಅಲ್ಲೇ. ಮಲೇಷ್ಯಾದ ಪೆನಾಂಗಿನಲ್ಲಿ ಬಯಾನ್ ಲೆಪಾಸ್ ಮುಕ್ತ ವಲಯಕ್ಕೆ 1972ರಲ್ಲೇ ಇಂಟೆಲ್ ಬಂತು. 1989ರಲ್ಲಿ ಅಲ್ಲಿನ ಕಂಪನಿಗಳು, ಸರ್ಕಾರ ಮತ್ತು ಶಿಕ್ಷಣ ಸಂಸ್ಥೆಗಳು ಸೇರಿ ಕೌಶಲ ಕೇಂದ್ರ ತೆರೆದವು. ಯಾವ ಯಂತ್ರದ ಮೇಲೆ ಏನು ಕಲಿಸಬೇಕೆಂದು ಕೆಲಸ ಕೊಡುವವರೇ ಹೇಳುವ ವ್ಯವಸ್ಥೆ ಅದು.

ನಿವೇಶನ ಹಂಚುವಾಗ ಬಿಗಿ ಬೇಕು. ಮಾರಾಟ ಬೇಡ, ದೀರ್ಘ ಗುತ್ತಿಗೆ ಸಾಕು. ಅಡಿಪಾಯ, ಯಂತ್ರ ಸ್ಥಾಪನೆ, ಮೊದಲ ಉತ್ಪಾದನೆ, ಒಂದೊಂದಕ್ಕೂ ಗುತ್ತಿಗೆ ಪತ್ರದಲ್ಲೇ ಗಡುವು ಬರೆಯಬೇಕು, ತಪ್ಪಿದರೆ ಜಾಗ ವಾಪಸು. ಬೆಲೆ ಏರಲಿ ಎಂದು ಕಾಯುವವರು ಈ ಷರತ್ತು ಓದಿದ ಕೂಡಲೇ ಅರ್ಜಿ ಹಿಂತೆಗೆದುಕೊಳ್ಳುತ್ತಾರೆ, ಒಳ್ಳೆಯದೇ ಆಯಿತು.

ವಿರೋಧ: ಕೆಲಸಗಾರರು ಇರುವಲ್ಲಿಗೇ ಸೌಲಭ್ಯ ಹೋಗಲಿ

ನೆಲ ಸಿದ್ಧಪಡಿಸಬೇಕು ಎಂಬುದರಲ್ಲಿ ಜಗಳವಿಲ್ಲ. ಎರಡು ಫೀಡರ್ ಬೇಕು, ನಾಲ್ಕು ಪೈಪೂ ಬೇಕು. ಇವನ್ನು ಯಾರೂ ಇಲ್ಲದ ಬಯಲಲ್ಲಿ, ಇನ್ನೂ ಬಾರದ ಕಂಪನಿಗಾಗಿ ಕಟ್ಟುವುದೇಕೆ ಎಂಬುದೇ ನಮ್ಮ ಪ್ರಶ್ನೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್‌ನಲ್ಲಿ ನಡೆದದ್ದನ್ನು ನೋಡಿ. 2017ರಲ್ಲಿ ಫಾಕ್ಸ್‌ಕಾನ್ ಅಲ್ಲಿ 1,000 ಕೋಟಿ ಡಾಲರ್ ಹೂಡಿ 13,000 ಉದ್ಯೋಗ ಕೊಡುವುದಾಗಿ ಒಪ್ಪಿತು. ಸ್ಥಳೀಯ ಆಡಳಿತ ಮನೆ, ಹೊಲಗಳನ್ನು ವಶಪಡಿಸಿಕೊಂಡಿತು. ರಸ್ತೆ, ನೀರಿನ ಮಾರ್ಗ ಬಂದವು. 2021ರಲ್ಲಿ ಒಪ್ಪಂದ ತಿದ್ದಿದಾಗ ಉಳಿದದ್ದು 1,454 ಉದ್ಯೋಗ, ಸುಮಾರು 67 ಕೋಟಿ ಡಾಲರ್ ಹೂಡಿಕೆಯ ಗುರಿ. ರಾಜ್ಯದ ತೆರಿಗೆ ಪ್ರೋತ್ಸಾಹ ಸಾಧನೆಗೆ ಕಟ್ಟಿದ್ದರಿಂದ ಅದೂ ಇಳಿಯಿತು, ಆ ಮಟ್ಟಿಗೆ ಬಿಗಿ ಷರತ್ತು ಕೆಲಸ ಮಾಡಿತು. ಆದರೆ ಹೂತ ಪೈಪನ್ನು, ಕೆಡವಿದ ಮನೆಯನ್ನು ಯಾವ ಷರತ್ತೂ ವಾಪಸು ತರಲಿಲ್ಲ. ಮುಂದೆ ಆ ಜಾಗದ ಒಂದು ಭಾಗಕ್ಕೆ ಬಂದದ್ದು ಮೈಕ್ರೋಸಾಫ್ಟ್‌ನ ಡೇಟಾ ಸೆಂಟರ್.

ಭಾರತದಲ್ಲೂ ವಿಶೇಷ ಆರ್ಥಿಕ ವಲಯಗಳ ಕುರಿತ 2014ರ ಸಿಎಜಿ ವರದಿ ಇದನ್ನೇ ಹೇಳುತ್ತದೆ. ಅಧಿಸೂಚನೆಯಾದ 45,635 ಹೆಕ್ಟೇರಿನಲ್ಲಿ ಕಾರ್ಯಾಚರಣೆ ಶುರುವಾಗಿದ್ದುದು 28,488 ಹೆಕ್ಟೇರಿನಲ್ಲಿ ಮಾತ್ರ. ಉಳಿದ ನೆಲ ಉಳುಮೆಯನ್ನೂ ಕಾಣಲಿಲ್ಲ, ಯಂತ್ರವನ್ನೂ ಕಾಣಲಿಲ್ಲ.

ಅರ್ಧ ತುಂಬಿದ ವಲಯಕ್ಕೆ ಇನ್ನೊಂದು ಕೇಡಿದೆ, ಇದು ನಿರ್ವಹಣೆಗೆ ಇಳಿದವರಿಗೆ ಮಾತ್ರ ಕಾಣುತ್ತದೆ. ಎಲ್ಲ ನಿವೇಶನ ತುಂಬಿದಾಗಿನ ಹರಿವಿಗೆ ಲೆಕ್ಕ ಹಾಕಿ ಒಳಚರಂಡಿ ಹಾಕಿರುತ್ತಾರೆ. ಕೊಳಕು ತನ್ನಷ್ಟಕ್ಕೇ ತೊಳೆದುಹೋಗಲು ಪೈಪಿನಲ್ಲಿ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ಓಡಬೇಕು. ಹತ್ತರಲ್ಲಿ ಒಂದು ಕಾರ್ಖಾನೆ ಮಾತ್ರ ಇದ್ದರೆ ನೀರು ತೆವಳುತ್ತದೆ, ಕೆಸರು ಕೂರುತ್ತದೆ, ಕೊಳೆತು ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಅದು ಆಮ್ಲವಾಗಿ ಕಾಂಕ್ರೀಟ್ ಪೈಪಿನ ನೆತ್ತಿಯನ್ನು ತಿನ್ನುತ್ತದೆ. ಸಂಸ್ಕರಣಾ ಘಟಕದ ಸೂಕ್ಷ್ಮಾಣುಗಳಿಗೆ ಆಹಾರ ಸಾಲದೆ ಅವು ಸಾಯುತ್ತವೆ. ಹಾಗಾಗಿ ಐದನೆಯ ವರ್ಷ ನಿಜವಾದ ಕಂಪನಿ ಬಂದಾಗ ಘಟಕ ಇದ್ದೂ ಇಲ್ಲದಂತೆ. ಟ್ರಾನ್ಸ್‌ಫಾರ್ಮರ್ ಕತೆಯೂ ಬೇರೆಯಲ್ಲ: ಹೊರೆ ಇಲ್ಲದಿದ್ದರೂ ಅದರ ತಿರುಳಿನಲ್ಲಿ ವಿದ್ಯುತ್ ನಷ್ಟ ಹಗಲು-ರಾತ್ರಿ ನಡೆದೇ ಇರುತ್ತದೆ. ನಾಲ್ಕು ಪೈಪಿನ ಮಾತು ಚೆನ್ನಾಗಿದೆ. ಆದರೆ ಯಾರು ಬರುತ್ತಾರೆಂದು ತಿಳಿಯದೆ ಕಟ್ಟುವವರು ಕೊನೆಗೆ ಹಾಕಿಸುವುದು ಒಂದೇ ಪೈಪು, ತುದಿಯಲ್ಲಿ ಒಂದು ಜೈವಿಕ ಘಟಕ. ಪ್ಲೇಟಿಂಗಿನ ಲೋಹ ಬಂದ ದಿನ ಅಲ್ಲಿನ ಸೂಕ್ಷ್ಮಾಣುಗಳೆಲ್ಲ ನಾಶ.

ತೆರಿಗೆಯ ಆಕರ್ಷಣೆಯೂ ಈಗ ಸವೆದಿದೆ. ವಾರ್ಷಿಕ 75 ಕೋಟಿ ಯೂರೊ ಅಥವಾ ಹೆಚ್ಚು ವಹಿವಾಟಿರುವ ಬಹುರಾಷ್ಟ್ರೀಯ ಗುಂಪುಗಳಿಗೆ ಶೇ 15ರ ಕನಿಷ್ಠ ತೆರಿಗೆ ಎಂದು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದವು. 2024ರಿಂದ ಹಲವೆಡೆ ಜಾರಿಯಾಗಿದೆ. ವಲಯ ಬಿಟ್ಟುಕೊಟ್ಟ ತೆರಿಗೆಯ ದೊಡ್ಡ ಪಾಲನ್ನು ಕಂಪನಿಯ ತಾಯ್ನಾಡಿನ ಖಜಾನೆ ವಸೂಲಿ ಮಾಡಿಕೊಳ್ಳಬಹುದು. ವಲಯಕ್ಕಾಗಿ ನೆಲ ಬಿಟ್ಟುಕೊಟ್ಟ ಜನರಿಗೆ ಅದರಲ್ಲಿ ಏನೂ ಸಿಗದು.

ಸಿಂಚುವಿನ ಉದಾಹರಣೆ ಮೇಲೆ ಬಂದಿದೆ. ಅಲ್ಲಿ ಪಾರ್ಕ್ ಬರುವ ಏಳು ವರ್ಷ ಮೊದಲೇ, 1973ರಲ್ಲಿ, ಕೈಗಾರಿಕಾ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹುಟ್ಟಿತ್ತು. ಪಕ್ಕದಲ್ಲೇ ಎರಡು ವಿಶ್ವವಿದ್ಯಾಲಯಗಳಿದ್ದವು. ಟಿಎಸ್‌ಎಂಸಿ ಹೊರಬಂದದ್ದು ಆ ಸಂಸ್ಥೆಯ ಒಳಗಿಂದಲೇ. ಅಂದರೆ ಜನ ಮೊದಲು, ವಲಯ ಆಮೇಲೆ. ಇಂಗ್ಲೆಂಡಿನ ಶೆಫೀಲ್ಡ್ ಬಳಿ 2001ರಲ್ಲಿ ವಿಶ್ವವಿದ್ಯಾಲಯ ಮತ್ತು ಬೋಯಿಂಗ್ ಸೇರಿ ಸುಧಾರಿತ ತಯಾರಿಕಾ ಸಂಶೋಧನಾ ಕೇಂದ್ರ ಆರಂಭಿಸಿದಾಗಲೂ ತಲೆಮಾರುಗಳಿಂದ ಉಕ್ಕು ಕೊರೆದ ಊರು ಅಲ್ಲಿತ್ತು. ಜರ್ಮನಿಯ ಟುಟ್ಲಿಂಗನ್ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ, ಇಟಲಿಯ ಬೊಲೋನ್ಯಾ ಪ್ಯಾಕೇಜಿಂಗ್ ಯಂತ್ರಗಳಿಗೆ ಹೆಸರಾದದ್ದು ಯಾವ ವಲಯದ ಅಧಿಸೂಚನೆಯಿಂದಲೂ ಅಲ್ಲ. ಒಂದು ಕಾರ್ಖಾನೆಯಲ್ಲಿ ಪಳಗಿದ ಕೈಗಳು ಹೊರಬಂದು ಪಕ್ಕದ ಬೀದಿಯಲ್ಲಿ ಇನ್ನೊಂದು ತೆರೆದದ್ದರಿಂದ.

ಕಾರ್ಖಾನೆಗೆ ಬೇಕಾದ ನೀರು ಎಲ್ಲಿಂದ ಬರಬೇಕು ಎಂಬುದನ್ನಂತೂ ಪರವಾದ ಲೇಖನ ಮುಟ್ಟಿಯೇ ಇಲ್ಲ. ಚಿಪ್ ತೊಳೆಯುವ 1,000 ಲೀಟರ್ ಅತಿಶುದ್ಧ ನೀರು ತಯಾರಿಸಲು ಸುಮಾರು 1,400ರಿಂದ 1,600 ಲೀಟರ್ ಸಾಮಾನ್ಯ ನೀರು ಬೇಕು. 2021ರ ಬರದಲ್ಲಿ ತೈವಾನ್ ಸರ್ಕಾರ ಸಾವಿರಾರು ಹೆಕ್ಟೇರ್ ಗದ್ದೆಗಳಿಗೆ ನೀರು ನಿಲ್ಲಿಸಿ ರೈತರಿಗೆ ಪರಿಹಾರ ಕೊಟ್ಟಿತು. ಚಿಪ್ ಕಾರ್ಖಾನೆಗಳು ಟ್ಯಾಂಕರ್ ತರಿಸಿಕೊಂಡವು. ವಲಯ ಬರುವ ಮುನ್ನ ಆ ನೀರು ಯಾರದಾಗಿತ್ತು ಎಂಬುದನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಬರೆಯಬೇಕು.

ಹಾಗಾದರೆ ಹಣ ಎಲ್ಲಿಗೆ? ಈಗಾಗಲೇ ಲೇತು, ಮಿಲ್ಲಿಂಗ್, ಡೈ ತಯಾರಿಕೆ ನಡೆಯುತ್ತಿರುವ ಹಳೆಯ ಕೈಗಾರಿಕಾ ಬಡಾವಣೆಗೆ. ಮೊದಲು ಪ್ರತಿ ಫೀಡರಿಗೂ ವೋಲ್ಟೇಜ್ ದಾಖಲಿಸುವ ಸಾಧನ ಕೂರಿಸಿ, ಮಳೆಗಾಲವೂ ಸೇರಿ ಆರು ತಿಂಗಳು ಬಿಡಿ. ಎಷ್ಟೋ ಕಡೆ ಮರದ ಕೊಂಬೆ ಕಡಿದು, ಸಡಿಲ ಜೋಡಣೆ ಬಿಗಿದು, ಒಂದೆರಡು ದೊಡ್ಡ ಮೋಟಾರಿಗೆ ಅದನ್ನು ನಿಧಾನವಾಗಿ ಚಾಲೂ ಮಾಡುವ ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಕುಸಿತದ ದೊಡ್ಡ ಪಾಲು ನಿಲ್ಲುತ್ತದೆ. ಉಳಿದದ್ದಕ್ಕೆ ಯಂತ್ರದ ಕಂಟ್ರೋಲ್ ಭಾಗಕ್ಕಷ್ಟೇ ಸಣ್ಣ ಯುಪಿಎಸ್ ಸಾಕಾಗಬಹುದು.

ಆಮೇಲೆ ಎಲ್ಲರಿಗೂ ಒಂದು ಅಳತೆ ಕೋಣೆ. ಅಳತೆ ಯಂತ್ರದ ಅಡಿಪಾಯ ಕಟ್ಟಡದ ನೆಲಕ್ಕೆ ತಾಗದಂತೆ ಸುತ್ತ ಸಂದು ಬಿಟ್ಟು ಪ್ರತ್ಯೇಕವಾಗಿ ಕಟ್ಟಬೇಕು. ಎರಡು ಬಾಗಿಲ ನಡುವೆ ಗಾಳಿ ತಡೆಯುವ ಕೋಣೆ, ಒಳಗೆ 20 ಡಿಗ್ರಿ, ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗದಂತೆ. ಭಾರವಾದ ತುಂಡು ತಂದ ಕೂಡಲೇ ಅಳೆಯಬಾರದು, ಇಡೀ ರಾತ್ರಿ ಅಲ್ಲೇ ಇರಬೇಕು. ಇಂಥ ಕೋಣೆಗಳು ಹಾಳಾಗುವುದು ಯಂತ್ರ ಕೆಟ್ಟು ಅಲ್ಲ. ಕೊಳ್ಳಲು ಅನುದಾನ ಇರುತ್ತದೆ, ಪ್ರೋಗ್ರಾಂ ಬರೆಯುವವರ ಸಂಬಳಕ್ಕೆ, ವರ್ಷಕ್ಕೊಮ್ಮೆಯ ಕ್ಯಾಲಿಬ್ರೇಷನ್‌ಗೆ ಇರುವುದಿಲ್ಲ. ಪ್ರಮಾಣಪತ್ರದ ಅವಧಿ ಮುಗಿದ ಮರುದಿನದಿಂದ ಆ ಕೋಣೆಯ ವರದಿಯನ್ನು ಯಾವ ಗ್ರಾಹಕನೂ ಒಪ್ಪುವುದಿಲ್ಲ. ಆದ್ದರಿಂದ ಯಂತ್ರದ ಬೆಲೆಯ ಜೊತೆಗೇ ಐದು ವರ್ಷದ ಸಂಬಳ ಮತ್ತು ಕ್ಯಾಲಿಬ್ರೇಷನ್ ಖರ್ಚನ್ನು ಬೇರೆ ಖಾತೆಯಲ್ಲಿ ತೆಗೆದಿಡಬೇಕು.

ಈ ಬಡಾವಣೆ ತುಂಬಿ, ಕಂಪನಿಗಳೇ ಜಾಗ ಸಾಲದೆಂದು ಲಿಖಿತ ಬೇಡಿಕೆ ಸಲ್ಲಿಸಿ, ಮುಂಗಡ ಕಟ್ಟಿದಾಗ ಅದರ ಅಂಚಿಗೇ ವಿಸ್ತರಿಸಲಿ. ಎಷ್ಟು ಮೆಗಾವಾಟ್, ಎಷ್ಟು ನೀರು, ಯಾವ ಪೈಪು ಎಂಬುದು ಅಷ್ಟರಲ್ಲಿ ಅಂದಾಜಿನ ಮಾತಾಗಿರುವುದಿಲ್ಲ. ಮೀಟರಿನಲ್ಲಿ ಬಿದ್ದ ಅಂಕಿಯಾಗಿರುತ್ತದೆ.