ಒಂದು ಟನ್ ಕ್ರೇನ್ ಎಲ್ಲಾ ದೂರಕ್ಕೂ ಒಂದು ಟನ್ ಎತ್ತುವುದಿಲ್ಲ

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ. ಟ್ರ್ಯಾಕ್ಟರ್ ಟ್ರೈಲರ್‌ಗೆ ಒಂದು ಟನ್ ಕ್ರೇನ್ ಹಾಕಿಸಿದರೆ ಸಾಕು, ತೋಳು ಎಷ್ಟು ಚಾಚಿದರೂ ಒಂದು ಟನ್ ದಿಮ್ಮಿ ಎತ್ತುತ್ತದೆ ಅಂತ. ಇದು ತಪ್ಪು. ನಂಬಿದರೆ ಟ್ರೈಲರ್ ಮಗುಚಿ ಜೀವಕ್ಕೇ ಅಪಾಯ.

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದೇ ಬೇರೆ, ಕೈ ಚಾಚಿ ಹಿಡಿಯುವುದೇ ಬೇರೆ, ಅಲ್ವಾ? ಕ್ರೇನೂ ಹಾಗೇ. 3 ಮೀಟರ್ ದೂರದಲ್ಲಿ 1,000 ಕಿಲೋ ಎತ್ತುವ ಕ್ರೇನ್, 6 ಮೀಟರ್ ಚಾಚಿದಾಗ ಸುಮಾರು 500 ಕಿಲೋ ಮಾತ್ರ ಎತ್ತುತ್ತದೆ. ಬಹಳ ಸಲ ಅದರಲ್ಲಿ ದಿಮ್ಮಿ ಕಚ್ಚಿ ಹಿಡಿಯುವ ಇಕ್ಕಳದ ತೂಕವೂ ಸೇರಿರುತ್ತದೆ. ಅದನ್ನೂ ಕಳೆಯಿರಿ. ಹಸಿ ನೀಲಗಿರಿ ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಒಂದಡಿ ದಪ್ಪ, 12 ಅಡಿ ಉದ್ದದ ಒಂದೇ ದಿಮ್ಮಿ ಸುಮಾರು 260 ಕಿಲೋ. ಎರಡು ಒಟ್ಟಿಗೆ ಹಿಡಿದರೆ ಮುಗಿಯಿತು.

ಹಾಗಾಗಿ ಅಂಗಡಿಯವರನ್ನು ಸುಮ್ನೆ "ಎಷ್ಟು ಟನ್" ಅಂತ ಕೇಳಬೇಡಿ. ಪೂರ್ತಿ ಚಾಚಿದಾಗ ಎಷ್ಟು ಕಿಲೋ ಎಂದು ಕೇಳಿ, ಯಾವ ದೂರಕ್ಕೆ ಎಷ್ಟು ಕಿಲೋ ಎಂದು ಬರೆದ ಪಟ್ಟಿ ನೋಡಿಯೇ ಮುಂಗಡ ಕೊಡಿ.

ಟ್ರೈಲರ್‌ಗೆ ಅದರದ್ದೇ ಬ್ರೇಕ್ ಇರಲೇಬೇಕು. ಎತ್ತುವ ಮೊದಲು ಎರಡೂ ಕಡೆಯ ಆಸರೆ ಕಾಲು ಗಟ್ಟಿ ನೆಲಕ್ಕೆ ಊರಬೇಕು. ಮಳೆ ಬಿದ್ದ ಕೆಮ್ಮಣ್ಣಾದರೆ ಅಡಿಗೆ ಅಗಲವಾದ ಹಲಗೆ ಇಡಿ. ತೋಳಿನ ಕೆಳಗೆ ಯಾರನ್ನೂ ನಿಲ್ಲಿಸಬೇಡಿ.