ತಟ್ಟೆಯ ನಡುವಿನ ಕಾಗದದಲ್ಲಿದ್ದ ಹೆಸರುಗಳು ಎಲ್ಲಿ ಹೋದವು?

ನಿನ್ನೆ ರಾತ್ರಿ ಹಾಡು ಕೇಳುವ ಆ್ಯಪ್ ಒಂದರಲ್ಲಿ ಗಂಗೂಬಾಯಿ ಹಾನಗಲ್ಲರ ಬಹಳ ಹಳೆಯ ಮುದ್ರಿಕೆಯೊಂದು ಸಿಕ್ಕಿತು. ಮೂರು ನಿಮಿಷದ ಹಾಡು. ತಾರಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ತೆಳುವಾದ ದನಿ. ಪರದೆಯ ಮೇಲೆ ಇದ್ದದ್ದು ಅವರ ಇಳಿವಯಸ್ಸಿನ ಚಿತ್ರ. ರಾಗ ಯಾವುದು, ಯಾವ ಇಸವಿಯದು, ತಬಲಾ ನುಡಿಸಿದವರು ಯಾರು, ಒಂದೂ ಇಲ್ಲ. ಹಕ್ಕು ಯಾವ ಕಂಪನಿಯದು ಎಂಬ ಸಾಲು ಮಾತ್ರ ತಪ್ಪದೆ ಇತ್ತು. ಹಳೆಯ ಗ್ರಾಮಫೋನ್ ತಟ್ಟೆಗಳ ವಿಷಯದಲ್ಲಿ ನನ್ನ ಹಟ ಎಂಥದ್ದೆಂದು ಬಲ್ಲ ಗೆಳೆಯರಿಗೆ ನನಗೆ ಬಂದ ಸಿಟ್ಟನ್ನು ವಿವರಿಸಬೇಕಾಗಿಲ್ಲ.

ಗ್ರಾಮಫೋನ್ ಕಂಪನಿ ಎಚ್‌ಎಂವಿ ಹೆಸರಿನಲ್ಲಿ ಹೊರತಂದ ಹಳೆಯ ತಟ್ಟೆಯೊಂದನ್ನು ಕೈಗೆತ್ತಿಕೊಂಡು ನೋಡಿ. ನಡುವಿನ ದುಂಡು ಕಾಗದದಲ್ಲಿ ಕಹಳೆಯ ಮುಂದೆ ಕೂತ ನಾಯಿ, ಕೆಳಗೆ ಹಾಡಿನ ಮೊದಲ ಸಾಲು, ಬಹಳಷ್ಟು ಸಲ ರಾಗ, ಹಾಡಿದವರ ಹೆಸರು, ಕ್ಯಾಟಲಾಗ್ ಸಂಖ್ಯೆ. ಕಾಗದದ ಅಂಚಿನಾಚೆ, ಅರಗಿನ ಮೇಲೆಯೇ ಒತ್ತಿದ, ಆ ಮುದ್ರಿಕೆಯ ಗುರುತಾದ ಮ್ಯಾಟ್ರಿಕ್ಸ್ ಸಂಖ್ಯೆಯೊಂದು ಇರುತ್ತದೆ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಬಲ್ಲವರು ಆ ಸಂಖ್ಯೆಯಿಂದಲೇ ಮುದ್ರಣದ ಕಾಲವನ್ನು ಅಂದಾಜು ಮಾಡುತ್ತಾರೆ. ಅಂಗೈಯಗಲದ ಆ ಕಾಗದದಲ್ಲಿ ಹಿಡಿಸಿದ ಮಾಹಿತಿ ಇಂದಿನ ಪರದೆಯಲ್ಲಿ ಹಿಡಿಸುವುದಿಲ್ಲವೆಂದರೆ ನಾನು ನಂಬಲಾರೆ.

ಗಂಗೂಬಾಯಿಯವರ ಮಟ್ಟಿಗೆ ಇದು ಇನ್ನೂ ಗಂಭೀರವಾದ ವಿಷಯ. 1930ರ ದಶಕದ ಆರಂಭದಲ್ಲಿ, ಅವರಿಗಿನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸಿದ್ದಾಗ, ಎಚ್‌ಎಂವಿ ಅವರ ತಟ್ಟೆಗಳನ್ನು ಹೊರತಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಆಗ ಅವರ ದನಿಯೂ ಬೇರೆಯೇ ಆಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ, ನಾವೆಲ್ಲ ಬಲ್ಲ ಆ ಗಂಡುದನಿಯ ಗಾಂಭೀರ್ಯ ಅದರಲ್ಲಿಲ್ಲ. ಹೆಸರೂ ಬೇರೆ, ದನಿಯೂ ಬೇರೆ ಇರುವ ಹಾಡನ್ನು ಇಸವಿಯಿಲ್ಲದೆ, ‘ಗಾಂಧಾರಿ’ಯ ಪ್ರಸ್ತಾಪವೂ ಇಲ್ಲದೆ ಕೇಳಿಸಿದರೆ, ಹೊಸದಾಗಿ ಕೇಳುವ ಹುಡುಗಿಯೊಬ್ಬಳು ಇದು ಯಾರದೋ ಹಾಡು, ತಪ್ಪಾಗಿ ಇಲ್ಲಿ ಸೇರಿಕೊಂಡಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಕಂಪನಿ ಇಲ್ಲದಿದ್ದರೆ ಈ ದನಿಗಳೇ ಉಳಿಯುತ್ತಿರಲಿಲ್ಲ ಎಂಬ ವಾದ ನನಗೆ ಗೊತ್ತು. ಮೊದಲರ್ಧ ನಿಜ. ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು, ಹೋಟೆಲಿನಲ್ಲಿ ಯಂತ್ರ ಹೂಡಿ, ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ಹಿಡಿಯದೇ ಹೋಗಿದ್ದರೆ ನಾವು ಬಡವರಾಗುತ್ತಿದ್ದೆವು. ಆದರೆ ಅದೇ ಮುದ್ರಿಕೆಗಳ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಾರೆ. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಅರಗಿನ ತಟ್ಟೆಯ ಮೂರು ನಿಮಿಷದಲ್ಲಿ ಕೆಲವು ಕ್ಷಣಗಳನ್ನು ಹೆಸರಿಗಾಗಿಯೇ ಮೀಸಲಿಟ್ಟಿದ್ದ ಉದ್ಯಮ ಇದು! ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು ಎಂಬುದು ನಮ್ಮವರಲ್ಲೇ ಎಷ್ಟು ಜನಕ್ಕೆ ಗೊತ್ತಿದೆಯೋ.

ವಾದದ ಉಳಿದರ್ಧವನ್ನು ನಾನು ಒಪ್ಪಲಾರೆ. ಮುದ್ರಿಸಿದ್ದು ಕಂಪನಿ, ಆದರೆ ಉಳಿಸಿಕೊಂಡು ಬಂದವರಲ್ಲಿ ದೊಡ್ಡ ಪಾಲು ಖಾಸಗಿ ಸಂಗ್ರಾಹಕರದು: ಗುಜರಿ ಅಂಗಡಿಗಳಲ್ಲಿ ಹುಡುಕಿ, ಸ್ವಂತ ಹಣ ಸುರಿದು, ಲಕೋಟೆಗಳ ಮೇಲೆ ಕೈಬರಹದಲ್ಲಿ ವಿವರ ಬರೆದಿಟ್ಟವರು. ಕಂಪನಿಯ ಕಥೆ ಬೇರೆ ದಾರಿಯಲ್ಲಿ ಸಾಗಿತು. ಕಲ್ಕತ್ತೆಯ ಸಿಯಾಲ್ದಾದಲ್ಲಿ 1908ರಲ್ಲಿ ಕಾರ್ಖಾನೆ, ಮುಂದೆ ಡಮ್‌ಡಮ್‌ನಲ್ಲಿ ಇನ್ನೂ ದೊಡ್ಡದು, 1931ರಲ್ಲಿ ಬ್ರಿಟನ್‌ನ ಮಾತೃಸಂಸ್ಥೆ ಇಎಂಐಯಲ್ಲಿ ವಿಲೀನ, ದಶಕಗಳ ಏಕಸ್ವಾಮ್ಯ. ಕ್ಯಾಸೆಟ್ ಬಂದು ಆ ಕೋಟೆ ಒಡೆಯಿತು. 1980ರ ದಶಕದ ಮಧ್ಯದಲ್ಲಿ ಆರ್‌ಪಿಜಿ ಸಮೂಹದ ಕೈಗೆ ಬಂದ ಕಂಪನಿ 2000ದಲ್ಲಿ ಸರೆಗಮ ಆಯಿತು. 2017ರಲ್ಲಿ 5000 ಹಳೆಯ ಹಿಂದಿ ಹಾಡುಗಳನ್ನು ತುಂಬಿದ, ಸರೆಗಮದ ಕಾರವಾನ್ ಎಂಬ ಹಾಡುಪೆಟ್ಟಿಗೆಯನ್ನು ಜನ ಮುಗಿಬಿದ್ದು ಕೊಂಡರು. ಹಳೆಯ ಹಾಡಿನಿಂದ ಹಣ ಹುಟ್ಟುತ್ತದೆ ಎಂಬುದಕ್ಕೆ ಇನ್ನಾವ ಪುರಾವೆ ಬೇಕು? ಹುಟ್ಟಲಿ, ನನಗೆ ಸಂತೋಷವೇ. ಆ ಹಣದ ಒಂದಿಷ್ಟು ಭಾಗ ವಿವರಗಳನ್ನು ಜೋಡಿಸುವ ಕೆಲಸಕ್ಕೆ ಹೋಗಬೇಕೆಂದು ಕೇಳುತ್ತಿದ್ದೇನೆ, ಅಷ್ಟೆ. ಇದು ಯಾವುದೋ ಒಂದು ಸಂಸ್ಥೆಗೆ ಹೇಳುವ ಮಾತಲ್ಲ, ಹಾಡು ಮಾರುವ ಎಲ್ಲರಿಗೂ.

ಮಾಹಿತಿ ಸಿಗುವುದಿಲ್ಲ ಎನ್ನುವಂತಿಲ್ಲ. ಆ ಕಾಲದ ಕಂಪನಿಗಳೇ ಭಾರತೀಯ ಭಾಷೆಗಳಲ್ಲಿ ತಟ್ಟೆಗಳ ಪಟ್ಟಿಗಳನ್ನು ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚುತ್ತಿದ್ದವು. ಅವು ಇಂದಿಗೂ ಸಂಗ್ರಾಹಕರ ಬಳಿ ಇವೆ. ಕೇಳಿದರೆ ಕೊಡುವ ಜನ ಅವರು.

ಇದು ಬರೀ ಗೌರವದ ಪ್ರಶ್ನೆಯೂ ಅಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ಗೀತರಚನೆಕಾರರು, ಸಂಗೀತ ನಿರ್ದೇಶಕರು ತಮ್ಮ ರಾಯಧನದ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಕಲಾವಿದರಿಗೂ ವಾಣಿಜ್ಯ ಬಳಕೆಯ ಗಳಿಕೆಯಲ್ಲಿ ಪಾಲಿದೆ. ಕನ್ನಡ ಸಿನಿಮಾ ಹಾಡಿಗೆ ಸಾಹಿತ್ಯ ಬರೆದು ತೀರಿಕೊಂಡವರ ಹೆಂಡತಿ ಮಕ್ಕಳು ಆ ಪಾಲನ್ನು ಕೇಳಲು ಹೋದಾಗ, ಕಡತದಲ್ಲಿ ಸಾಹಿತಿಯ ಹೆಸರಿನ ಜಾಗವೇ ಖಾಲಿ ಇದ್ದರೆ ಅವರು ಯಾವ ದಾಖಲೆ ತೋರಿಸಬೇಕು?